ನೋವು ಕೇಳುವ ಡಾಕ್ಟರರ ಊರಿಗೆ

ಗಾಳಿಬೀಡಿನಿಂದ ಬೊಂಬಾಯಿಗೆ

ನನ್ನ ಹೆಂಡತಿ ಸೀತಮ್ಮ ತೀರಿಕೊಂಡು ಎರಡು ವರ್ಷ ತುಂಬಿದ ಮೇಲೆ ನಾನು ಇಂಗ್ಲೆಂಡಿಗೆ ಹೋದೆ. ಅದಕ್ಕೆ ಮೊದಲು ನಾನು ಕಂಡ ದೂರದ ಊರೆಂದರೆ ಮೈಸೂರು. ಗಾಳಿಬೀಡಿನಿಂದ ಮಡಿಕೇರಿಗೆ ನಡೆದು ಹೋಗಿ ಮೆಟ್ರಿಕ್ ಮುಗಿಸಿದವನು ನಾನು. ಆಮೇಲೆ ಕಾಫಿ, ಏಲಕ್ಕಿ, ಗದ್ದೆ ಎಂದು ಅಲ್ಲೇ ಉಳಿದೆ. ಸಮುದ್ರ ದಾಟುವ ಯೋಚನೆ ನನ್ನದಾಗಿರಲಿಲ್ಲ. ಕರೆದವನು ಸೀತಮ್ಮನ ತಮ್ಮ, ಡಾಕ್ಟರ್ ಕುಶಾಲಪ್ಪ. ಹಡಗಿನ ಟಿಕೆಟ್ಟನ್ನೂ ಅವನೇ ಕಳಿಸಿದ್ದ. ಜೊತೆಗೆ ಒಂದು ಕಾಗದ: ಡಾಕ್ಟರರ ದೊಡ್ಡ ಸಭೆಯೊಂದರಲ್ಲಿ ಮಾತಾಡಲಿಕ್ಕಿದೆ, ಅಕ್ಕನ ವಿಷಯವನ್ನೇ ಹೇಳುತ್ತೇನೆ, ನೀವು ಬಂದು ಎದುರಿಗೆ ಕೂತರೆ ಅಕ್ಕನೇ ಬಂದ ಹಾಗೆ ಆಗುತ್ತದೆ.

ಓದಿ ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ಯಾಕೆಂದು ಈಗಲೇ ಹೇಳಿಬಿಡುವುದು ಒಳ್ಳೆಯದು.

ತಾಯಿ ಸತ್ತಾಗ ಕುಶಾಲನಿಗೆ ಆರು ವರ್ಷ. ಸೀತಮ್ಮ ಮದುವೆಯಾದ ವರ್ಷವೇ ಅವನನ್ನು ಕೈಹಿಡಿದು ನಮ್ಮ ಮನೆಗೆ ಕರೆತಂದಳು. ಅವನು ಮೈಸೂರಿನಲ್ಲಿ ಡಾಕ್ಟರಿ ಓದಿ ಮಡಿಕೇರಿಯ ಸರ್ಕಾರಿ ಆಸ್ಪತ್ರೆಗೆ ಬಂದಾಗ, ಆಪರೇಷನ್ನಿನ ಹೊತ್ತಿಗೆ ರೋಗಿಗೆ ಈಥರ್ ಕೊಟ್ಟು ಮಲಗಿಸುವ ಕೆಲಸ ಅವನ ಪಾಲಿಗೆ ಬಂತು. ಆ ಕೆಲಸ ಯಾರಿಗೂ ಬೇಡವಾಗಿತ್ತು. ಊರಿನವರು ಅವನನ್ನು ಮೂಗಿಗೆ ಬಟ್ಟೆ ಹಿಡಿಯುವ ಡಾಕ್ಟರು ಎಂದು ನಗುತ್ತಿದ್ದರು. ಅವನು ಮಾತ್ರ ಅದನ್ನೇ ಶ್ರದ್ಧೆಯಿಂದ ಕಲಿತ. ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮರಗಟ್ಟಿಸುವುದು ಅವನಿಗೆ ಕೈವಶವಾಯಿತು.

ಅಷ್ಟರಲ್ಲಿ ಸೀತಮ್ಮನಿಗೆ ಗರ್ಭಕೋಶದ ಕ್ಯಾನ್ಸರ್ ಎಂದು ಗೊತ್ತಾಯಿತು. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ನೋವು ಸೊಂಟದಿಂದ ಎಡಗಾಲಿಗೆ ಇಳಿದಿತ್ತು. ಮಾರ್ಫಿಯಾ ಸಾಲದೆ ಹೋದಾಗ ಕುಶಾಲ ಮೈಸೂರಿನಿಂದ ಒಂದು ಪುಸ್ತಕ ತರಿಸಿ, ಬೆನ್ನಿನ ನರದ ಬುಡಕ್ಕೆ ಶುದ್ಧ ಸ್ಪಿರಿಟ್ಟನ್ನು ಹನಿ ಹನಿಯಾಗಿ ಬಿಡುವ ಕ್ರಮ ಓದಿಕೊಂಡು, ತನ್ನ ಅಕ್ಕನಿಗೇ ಅದನ್ನು ಮಾಡಿದ. ನೋವು ನಿಂತಿತು. ನಾಲ್ಕು ದಿನ ನಿಂತಿತು. ಐದನೆಯ ದಿನ ಬೆಳಿಗ್ಗೆ ತಿರುಗಿ ಬಂತು.

ಆ ಭಾನುವಾರ ಅವನು ನೋಡಲು ಬಂದಾಗ ಸೀತಮ್ಮ ಒಳ್ಳೆಯ ಸೀರೆ ಉಟ್ಟು ಒಲೆಯ ಮುಂದೆ ಕೂತಿದ್ದಳು. "ನೋವು ಪೂರಾ ಹೋತ್, ಕುಶಾಲ" ಎಂದಳು. ಅವನು ಅಕ್ಕನ ಕಾಲು ಮುಟ್ಟಿ ಅತ್ತ. ನಾನು ಬಾಗಿಲಲ್ಲಿ ನಿಂತು ಸುಮ್ಮನಿದ್ದೆ. ಹಿಂದಿನ ರಾತ್ರಿಯೇ ಅವಳು ನನಗೆ ಹೇಳಿದ್ದಳು: "ಮಗು ಮೊದಲ ಸಲ ಒಂದು ಗೆದ್ದುಟ್ಟು. ಅದ್ನ ಕೆಡಿಸ್ಬೇಡಿ." ಏಳು ವಾರ ಹೀಗೇ ನಡೆಯಿತು. ಅವಳು ಹೋದ ಮೇಲೆ ಕುಶಾಲ ಇಂಗ್ಲೆಂಡಿನ ಒಬ್ಬ ದೊಡ್ಡ ಡಾಕ್ಟರಿಗೆ ಈ ಚಿಕಿತ್ಸೆಯ ವಿವರ ಬರೆದ. ಅವರು ಬಾ ಎಂದರು. ಈಗ ಅದನ್ನೇ ಸಭೆಯಲ್ಲಿ ಹೇಳಲು ಹೊರಟಿದ್ದಾನೆ: ಕೊನೆಯ ಉಸಿರಿನವರೆಗೂ ರೋಗಿಗೆ ನೋವಿರಲಿಲ್ಲ ಎಂದು.

ಅದು ಸುಳ್ಳೆಂದು ಬಲ್ಲವನು ಭೂಮಿಯ ಮೇಲೆ ನಾನೊಬ್ಬನೇ. ಅವನಿಗೆ ಹೇಳಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸದೆಯೇ ಬೊಂಬಾಯಿಯ ರೈಲು ಹತ್ತಿದೆ.

ಸಮುದ್ರದ ಮೇಲೆ

ಹಡಗಿನ ಬಗ್ಗೆ ಬಲ್ಲವರು ಬರೆದಿದ್ದಾರೆ. ನಾನು ಮೊದಲ ನಾಲ್ಕು ದಿನ ಹೊಟ್ಟೆ ತೊಳಸಿ ಮಲಗಿದ್ದವನು, ಹೆಚ್ಚು ಹೇಳಲಾರೆ. ಸೂಯೆಜ್ ಕಾಲುವೆಯಲ್ಲಿ ಮಾತ್ರ ಎದ್ದು ಹೊರಗೆ ಬಂದೆ. ಎರಡು ಕಡೆಯೂ ಮರಳು, ನಡುವೆ ನಮ್ಮ ಹಡಗು. ದೂರದಿಂದ ನೋಡುವವನಿಗೆ ಒಂದು ದೊಡ್ಡ ಬಿಳಿಯ ಮನೆ ಮರಳಿನ ಮೇಲೆ ನಡೆದುಹೋದ ಹಾಗೆ ಕಂಡಿರಬೇಕು. ಮನುಷ್ಯರು ಇದನ್ನು ಅಗೆದರಲ್ಲ ಎಂದು ಬಹಳ ಹೊತ್ತು ನಿಂತು ನೋಡಿದೆ.

ನನ್ನ ಕ್ಯಾಬಿನ್ನಿನಲ್ಲಿ ಒಬ್ಬ ಸರ್ದಾರರಿದ್ದರು. ಇಂಗ್ಲೆಂಡಿನ ಕಬ್ಬಿಣದ ಕಾರ್ಖಾನೆಗೆ ಕೆಲಸಕ್ಕೆ ಹೊರಟವರು. ಕಾಲುವೆ ದಾಟಿದ ದಿನ ಅವರಿಗೆ ದವಡೆ ಹಲ್ಲು ನೋವು ಶುರುವಾಯಿತು. ಅಷ್ಟು ದೊಡ್ಡ ಆಳು ಕೆನ್ನೆ ಹಿಡಿದುಕೊಂಡು ಮೇಲಿನ ಅಂತಸ್ತಿಗೂ ಕೇಳುವ ಹಾಗೆ ನರಳಿದರು. ಊಟದ ಮನೆಯಲ್ಲಿ ನರಳಿದರು, ಮೆಟ್ಟಿಲ ಮೇಲೆ ಕೂತು ನರಳಿದರು, ಹಡಗಿನ ಕಪ್ತಾನ ಎದುರಾದಾಗ ಅವನ ಮುಂದೆಯೂ ನರಳಿದರು. ನನಗೆ ನಾಚಿಕೆಯಾಗಿ ಬೇರೆ ಕಡೆ ನೋಡಿದೆ. ನಮ್ಮಲ್ಲಿ ಹೀಗೆ ಮಾಡಿದರೆ ಎಂಟು ದಿನ ಮಾತಾಡಿಕೊಳ್ಳುತ್ತಾರೆ. ಮಧ್ಯಾಹ್ನವಾಗುವುದರೊಳಗೆ ಹಡಗಿನ ಡಾಕ್ಟರ್ ಅವರನ್ನು ಹುಡುಕಿಕೊಂಡು ಬಂದು ಹಲ್ಲು ಕಿತ್ತರು. ಸಂಜೆ ಸರ್ದಾರರು ಎರಡು ತಟ್ಟೆ ಅನ್ನ ಉಂಡು, ನನಗೂ ಇನ್ನಷ್ಟು ಬಡಿಸಲು ಹೇಳಿದರು. ಅಂದು ಮಲಗಿಕೊಂಡು ಯೋಚಿಸಿದೆ: ನಾಚಿಕೆಪಡಬೇಕಾದವರು ಅವರೋ, ನಾವೋ.

ಗಿರಣಿಗಳ ಊರು

ಕುಶಾಲ ಇದ್ದದ್ದು ಇಂಗ್ಲೆಂಡಿನ ಉತ್ತರಕ್ಕಿರುವ ಬಟ್ಟೆ ಗಿರಣಿಗಳ ಒಂದು ಊರಿನಲ್ಲಿ. ಹೊಗೆಗೊಳವೆಗಳು ನಮ್ಮ ತೋಟಕ್ಕೆ ನೆರಳು ಕೊಡುವ ಬಳಂಜಿ ಮರಗಳಿಗಿಂತ ಎತ್ತರ. ಮಂಜು ನನಗೆ ಹೊಸದಲ್ಲ. ಆದರೆ ಗಾಳಿಬೀಡಿನ ಮಂಜು ಬಿಳಿ, ಅಲ್ಲಿಯದು ಕಂದು, ಉಸಿರೆಳೆದರೆ ಗಂಟಲಲ್ಲಿ ಮಸಿ. ಒಂದೇ ಗೋಡೆಗೆ ಅಂಟಿಕೊಂಡ ನಲವತ್ತು ಮನೆಗಳ ಸಾಲು. ಅದನ್ನು ನೋಡಿ ಎಸ್ಟೇಟಿನ ಆಳುಗಳ ಲೈನು ಮನೆ ಎಂದುಕೊಂಡೆ. ಬೀದಿಯೊಳಗೆ ಹೋದ ಮೇಲೆ ಪ್ರತಿ ಮನೆಯ ಹೊಸ್ತಿಲನ್ನೂ ಹೆಂಗಸರು ಮಂಡಿಯೂರಿ ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡುವುದನ್ನು ಕಂಡೆ. ಬೆಳಿಗ್ಗೆ ಎದ್ದು ಹೊಸ್ತಿಲು ತೊಳೆಯುವವರನ್ನು ಕಂಡರೆ ಯಾವ ದೇಶವಾದರೂ ಮನಸ್ಸಿಗೆ ಹತ್ತಿರವಾಗುತ್ತದೆ.

ನಾವು ಬಾಡಿಗೆಗಿದ್ದ ಮನೆಯ ಒಡತಿ ಮಿಸೆಸ್ ಹೋಲ್ಟ್, ಗಿರಣಿಯಲ್ಲಿ ದುಡಿದು ನಿವೃತ್ತಳಾದ ವಿಧವೆ. ನಾನು ಕಾಫಿ ಬೆಳೆಯುವವನೆಂದು ಕುಶಾಲ ಮೊದಲೇ ಹೇಳಿದ್ದನಂತೆ. ನನಗಾಗಿ ಆಕೆ ಅಂಗಡಿಯಿಂದ ಒಂದು ಸೀಸೆ ತಂದು, ಅದರಲ್ಲಿದ್ದ ಕಪ್ಪು ಪಾಕದಲ್ಲಿ ಒಂದು ಚಮಚವನ್ನು ಬಿಸಿನೀರಿಗೆ ಬೆರೆಸಿ, ಕಾಫಿ ಎಂದು ಕೊಟ್ಟಳು. ಕೆಮ್ಮಿನ ಔಷಧಿಗೆ ಬೆಲ್ಲ ಹಾಕಿದ ಹಾಗಿತ್ತು. ಬಹಳ ಚೆನ್ನಾಗಿದೆ ಎಂದೆ. ಅಲ್ಲಿಂದ ಮುಂದೆ ದಿನಕ್ಕೆ ಮೂರು ಸಲ ಅದೇ ಬಂತು. ಸೀಸೆ ಖಾಲಿಯಾದಾಗ ನಾನು ಒಳಗೊಳಗೇ ಹಿಗ್ಗಿದೆ. ಆಕೆ ಮರುದಿನವೇ ಅದಕ್ಕಿಂತ ದೊಡ್ಡ ಸೀಸೆ ತಂದಳು. "ನಿಜ ಹೇಳಿಬಿಡಿ ಬಾವ" ಎಂದು ಕುಶಾಲ ನಗುತ್ತಿದ್ದ. ಹೇಳಲಾಗಲಿಲ್ಲ.

ಆ ಊರಿನವರ ಒಂದು ಅಭ್ಯಾಸ ನನಗೆ ಬಹಳ ಪರಿಚಿತವೆನಿಸಿತು. ಹೇಗಿದ್ದೀರಿ ಎಂದು ಕೇಳಿದರೆ, ಅಷ್ಟೇನೂ ಕೆಟ್ಟಿಲ್ಲ ಎನ್ನುತ್ತಾರೆ. ಕೈಗೆ ಪಟ್ಟಿ ಕಟ್ಟಿದವನೂ ಹಾಗೇ ಅನ್ನುತ್ತಾನೆ, ಕೋಲೂರಿ ಬರುವ ಮುದುಕಿಯೂ ಹಾಗೇ ಅನ್ನುತ್ತಾಳೆ. ಆಮೇಲೆ ಮಳೆಯ ಮಾತೆತ್ತುತ್ತಾರೆ. ನೋವು ಮುಚ್ಚಿಡುವುದು ನಮ್ಮ ಕಡೆಯ ಹೆಂಗಸರ ಗುಣ ಮಾತ್ರ ಎಂದುಕೊಂಡಿದ್ದೆ. ಅದೂ ಸಮುದ್ರ ದಾಟಿ ಬಂದು ಇಲ್ಲಿ ಮನೆ ಮಾಡಿತ್ತು.

ಆಸ್ಪತ್ರೆಯ ನೆಲಮಾಳಿಗೆ

ಕುಶಾಲನನ್ನು ಕರೆಸಿಕೊಂಡ ಡಾಕ್ಟರ್ ಬಾರ್ಲೋ ಅವರದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಾಯ್ಲರಿನ ಪಕ್ಕದ ಎರಡು ಕೋಣೆ. ವಾರಕ್ಕೆ ಎರಡೇ ಮಧ್ಯಾಹ್ನ. ಅವರೂ ಮೂವತ್ತು ವರ್ಷ ಜನರನ್ನು ಮಲಗಿಸುವ ಕೆಲಸವನ್ನೇ ಮಾಡಿದವರು. ಆಪರೇಷನ್ ಮುಗಿಯುತ್ತಿದ್ದಂತೆ ಎಲ್ಲರೂ ಕೈ ತೊಳೆದುಕೊಂಡು ಹೋಗುತ್ತಿದ್ದರು, ಎಚ್ಚರವಾದ ಮೇಲಿನ ನೋವನ್ನು ಕೇಳುವವರು ಯಾರೂ ಇರಲಿಲ್ಲ, ಅದಕ್ಕೇ ಈ ಕೋಣೆ ಕೇಳಿ ಪಡೆದೆ ಎಂದು ನನಗೆ ಹೇಳಿದರು. ನೋವಿನ ಚಿಕಿತ್ಸೆಗೆಂದು ಒಂದು ಪದವಿಯಿಲ್ಲ, ಪರೀಕ್ಷೆಯಿಲ್ಲ. ಅರಿವಳಿಕೆ ಕಲಿತವರು ಒಬ್ಬರನ್ನೊಬ್ಬರು ನೋಡಿ ಕಲಿಯಬೇಕು. ಕುಶಾಲ ಅರಿವಳಿಕೆಯ ಡಿಪ್ಲೊಮಾ ಮುಗಿಸಿ, ಬೆಳಿಗ್ಗೆಯೆಲ್ಲ ಆಪರೇಷನ್ ಕೋಣೆಯಲ್ಲಿ ದುಡಿದು, ಮಧ್ಯಾಹ್ನ ಇಲ್ಲಿಗೆ ಇಳಿದು ಬರುತ್ತಿದ್ದ. ಜೊತೆಯ ಡಾಕ್ಟರರು ಅವನನ್ನು ನೆಲಮಾಳಿಗೆಯ ಇಲಿ ಎಂದು ಕರೆಯುತ್ತಿದ್ದರಂತೆ. ಕಾಯಿಲೆ ವಾಸಿ ಮಾಡದೆ ನೋವಿಗೆ ಮಾತ್ರ ಮದ್ದು ಕೊಡುವವನು ಎಂತಹ ಡಾಕ್ಟರು ಎಂಬ ಮಾತು ಅಲ್ಲಿಯೂ ಇತ್ತು. ಅವನು ಬೇಸರಪಟ್ಟದ್ದನ್ನು ನಾನು ಕಾಣಲಿಲ್ಲ. ಸೂಜಿ ಹಿಡಿದಾಗ ಅವನ ಕೈ ಎಷ್ಟು ಸ್ಥಿರವಾಗಿರುತ್ತಿತ್ತೆಂದರೆ, ನಮ್ಮ ಮನೆಯಲ್ಲಿ ಹಾಲು ಚೆಲ್ಲುತ್ತಿದ್ದವನು ಇವನೇನಾ ಎಂದು ಆಶ್ಚರ್ಯವಾಗುತ್ತಿತ್ತು.

ಬಾರ್ಲೋ ಅವರ ಕ್ರಮ ಬೇರೆಯೇ. ರೋಗಿ ಬರುವ ಹೊತ್ತಿಗೆ ಅವರು ಕುರ್ಚಿಯಲ್ಲಿ ಇರುವುದಿಲ್ಲ. ಬಾಗಿಲಲ್ಲಿ ನಿಂತು, ರೋಗಿ ನೆಲಮಾಳಿಗೆಯ ಓಣಿಯಲ್ಲಿ ನಡೆದು ಬರುವುದನ್ನು, ಕೋಟು ಕಳಚುವುದನ್ನು ನೋಡುತ್ತಾರೆ. ಆಮೇಲೆ ರೋಗಿಗೆ ನರ್ಸ್ ಚಹಾ ಕೊಡುವಾಗ, ಜೊತೆಗೆ ಬಂದವರನ್ನು ಪಕ್ಕದ ಚಿಕ್ಕ ಕೋಣೆಗೆ ಕರೆದು ಬಾಗಿಲು ಹಾಕುತ್ತಾರೆ. ಎಷ್ಟು ನೋವು ಎಂದು ಅಲ್ಲಿ ಕೇಳುವುದೇ ಇಲ್ಲ. ಬೆಳಿಗ್ಗೆ ಒಲೆ ಹೊತ್ತಿಸುವವರು ಯಾರು, ಯಾವ ಮಗ್ಗುಲಿಗೆ ಮಲಗುತ್ತಾರೆ, ಮೊದಲು ಮಾಡುತ್ತಿದ್ದ ಯಾವ ಕೆಲಸ ಬಿಟ್ಟಿದ್ದಾರೆ ಎಂದು ಕೇಳುತ್ತಾರೆ. ಈಗ ಆ ಕೋಣೆಯ ಕೆಲಸವನ್ನು ಕುಶಾಲನಿಗೆ ಒಪ್ಪಿಸಿದ್ದರು.

ಒಂದು ದಿನ ಬಂದವರ ಒಪ್ಪಿಗೆ ಕೇಳಿ ನನ್ನನ್ನೂ ಮೂಲೆಯಲ್ಲಿ ಕೂರಿಸಿದ. ನೇಕಾರನೊಬ್ಬನ ಹೆಂಡತಿಗೆ ಎದೆಯ ಕ್ಯಾನ್ಸರ್ ಬೆನ್ನೆಲುಬಿಗೆ ಇಳಿದಿತ್ತು. ಆಕೆ ಹೊರಗೆ, ಅಷ್ಟೇನೂ ಕೆಟ್ಟಿಲ್ಲ ಡಾಕ್ಟರ್ ಎಂದು ನಕ್ಕಿದ್ದಳು. ಗಂಡ ಟೋಪಿಯನ್ನು ಮೊಣಕಾಲ ಮೇಲಿಟ್ಟು ತಿರುಗಿಸುತ್ತ ಕೂತ. ಯಾವ ಮಗ್ಗುಲಿಗೆ ಮಲಗುತ್ತಾರೆ ಎಂದು ಕುಶಾಲ ಕೇಳಿದ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಕುಶಾಲ ಕಾಯ್ದ. ಕೊನೆಗೆ ಅವನು, ಈಸ್ಟರ್ ಹಬ್ಬದಿಂದ ಆಕೆ ಮಲಗಿಯೇ ಇಲ್ಲ, ಕುರ್ಚಿಯಲ್ಲಿ ಕೂತೇ ಬೆಳಗು ಮಾಡುತ್ತಾಳೆ, ಹೇಳಬೇಡವೆಂದು ಮಾತು ತೆಗೆದುಕೊಂಡಿದ್ದಾಳೆ ಎಂದ. ಹೇಳಿ ಟೋಪಿಯಿಂದ ಮುಖ ಮುಚ್ಚಿಕೊಂಡ. ಅವನ ಇಂಗ್ಲಿಷ್ ನನಗೆ ಅರ್ಧ ತಿಳಿಯಿತು, ಉಳಿದದ್ದು ಕುಶಾಲ ಆಮೇಲೆ ಹೇಳಿದ್ದು. ಆದರೆ ಆ ಮೌನವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಂದೇ ಆಕೆಗೆ ಸೂಜಿ ಹಾಕಿದರು. ಮುಂದಿನ ವಾರ ಆಕೆ ತನ್ನ ಚೀಲವನ್ನು ತಾನೇ ಹಿಡಿದುಕೊಂಡು ಬಂದಳು. ಬಾರ್ಲೋ ಬಾಗಿಲಲ್ಲಿ ನಿಂತು ನೋಡಿ, ಕುಶಾಲನ ಭುಜ ತಟ್ಟಿದರು. ನಾನು ಹೊರಗೆ ಹೋಗಿ ಆಸ್ಪತ್ರೆಯ ಗೋಡೆಗೆ ಒರಗಿ ನಿಂತೆ. ಮಡಿಕೇರಿಯಲ್ಲಾಗಲಿ ಮೈಸೂರಿನಲ್ಲಾಗಲಿ ನನ್ನನ್ನು ಪಕ್ಕಕ್ಕೆ ಕರೆದು ಯಾರೂ ಕೇಳಲಿಲ್ಲ ಎಂದುಕೊಂಡೆ. ಆದರೆ ಕೇಳದಿದ್ದರೆ ಏನು, ನನಗೆ ಬಾಯಿರಲಿಲ್ಲವೇ?

ಬುಧವಾರ

ಸಭೆಗೆ ಮೂರು ದಿನವಿತ್ತು. ಬುಧವಾರ ನೆಲಮಾಳಿಗೆಗೆ ರೋಗಿಗಳು ಬರುವುದಿಲ್ಲ. ಕುಶಾಲ ಅಲ್ಲಿ ಕೂತು ತನ್ನ ಭಾಷಣ ತಿದ್ದುತ್ತಿದ್ದ. ನಾನು ಚಿಕ್ಕ ಕೋಣೆಗೆ ಹೋಗಿ, ಜೊತೆಗೆ ಬಂದವರು ಕೂರುವ ಕುರ್ಚಿಯಲ್ಲಿ ಕೂತೆ.

"ಕುಶಾಲ, ಇಲ್ಲಿ ಕೂತವರನ್ನ ಕೇಳ್ತೀಯಲ್ಲ, ಹಾಗೇ ನನ್ನನ್ನೂ ಕೇಳು."

"ಎಂತ ಬಾವ, ಮಂಡಿ ನೋವಾ?"

"ನನ್ನದಲ್ಲ. ನಿನ್ನ ಅಕ್ಕಂದು."

ಅವನು ನಗಲು ಹೋದವನು ನನ್ನ ಮುಖ ನೋಡಿ ನಿಲ್ಲಿಸಿದ. ಎದ್ದು ಬಂದು ಬಾಗಿಲು ಹಾಕಿದ. ಎದುರು ಕೂತು, ರೋಗಿಗಳ ವಿವರ ಬರೆಯುವ ಹಳದಿ ಕಾರ್ಡೊಂದನ್ನು ತೆಗೆದುಕೊಂಡ. ಅಭ್ಯಾಸ ಬಲದಿಂದ ತೆಗೆದನೋ ಬೇಕೆಂದೇ ತೆಗೆದನೋ ತಿಳಿಯಲಿಲ್ಲ.

"ಬೆಳಗ್ಗೆ ಒಲೆ ಹೊತ್ತಿಸ್ತಿದ್ದುದು ಯಾರು?"

"ನಾನು."

"ಭಾನುವಾರ?"

"ಭಾನುವಾರವೂ ನಾನೇ. ಗುಡ್ಡದ ಕೆಳಗೆ ನಾಯಿ ಬೊಗಳಿದ್ದು ಕೇಳಿದ ಮೇಲೆ ಅವಳನ್ನ ಎತ್ತಿ ತಂದು ಒಲೆ ಮುಂದೆ ಕೂರಿಸ್ತಿದ್ದೆ. ನೀ ಮೇಲೆ ಹತ್ತಿ ಬರುವಷ್ಟರಲ್ಲಿ ಅವಳು ಮುಖ ಒರೆಸಿಕೊಳ್ತಿದ್ದಳು."

ಅವನ ಪೆನ್ನು ಕಾರ್ಡಿನ ಮೇಲೆಯೇ ಇತ್ತು, ಬರೆಯುತ್ತಿರಲಿಲ್ಲ.

"ಅಕ್ಕ ನನಗೆ ಬಡಿಸ್ತಿದ್ದ ರೊಟ್ಟಿ?"

"ನೀ ತಿಂದದ್ದೆಲ್ಲ ನಾ ಸುಟ್ಟದ್ದು."

"ಅದಕ್ಕೇ ಅಷ್ಟು ದಪ್ಪ ಇತ್ತು" ಎಂದ. ಅವನ ಕಣ್ಣು ತುಂಬಿತ್ತು. ಕಾರ್ಡನ್ನು ನೋಡುತ್ತಲೇ ಕೊನೆಯ ಪ್ರಶ್ನೆ ಕೇಳಿದ. "ನಿಜವಾಗಿ ಎಷ್ಟು ದಿನ ನೋವಿರಲಿಲ್ಲ?"

"ನಾಲ್ಕು."

ಅದನ್ನು ಬರೆದುಕೊಂಡ. ಆಮೇಲೆ ಎದ್ದು ಗೋಡೆಯ ಕಡೆ ತಿರುಗಿ ನಿಂತ. "ಇನ್ನೊಂದು ಸಲ ಹಾಕಬಹುದಿತ್ತು ಬಾವ. ಸೂಜಿ ಇತ್ತು, ಸ್ಪಿರಿಟ್ ಇತ್ತು. ನಾನು ಭಾನುವಾರ ಭಾನುವಾರ ಬಂದು ರೊಟ್ಟಿ ತಿಂದು ಹೋದೆ. ಅವಳು ಹೇಳುದಿಲ್ಲೆ, ಅದು ಅವಳ ಗುಣ. ನೀವಾದರೂ ಹೇಳಬಹುದಿತ್ತಲ್ಲ."

ಅವಳು ಮಾತು ತೆಗೆದುಕೊಂಡಿದ್ದಳು ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಏಳು ವಾರ ಅವಳ ಪಕ್ಕದಲ್ಲಿ ಕೂತು ಅವಳ ಹಲ್ಲು ಕಡಿಯುವ ಶಬ್ದ ಕೇಳಿದವನಿಗೆ ಆ ಉತ್ತರ ಸಾಲದು. ತಪ್ಪಾಯಿತು ಎಂದೆ. ಅವನು ತಿರುಗಿ ನೋಡಲಿಲ್ಲ.

ಎರಡು ದಿನ ಅವನು ನನ್ನ ಹತ್ತಿರ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ. ಸಭೆಯಲ್ಲಿ ಮಾತಾಡುವುದಿಲ್ಲ ಎಂದು ಬಾರ್ಲೋ ಅವರಿಗೆ ಹೇಳಿದನಂತೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ನಿನ್ನ ಹತ್ತಿರ ಈಗ ಮೊದಲಿಗಿಂತ ಒಳ್ಳೆಯ ಭಾಷಣವಿದೆ, ಅದನ್ನು ಹೇಳುವುದು ಬಿಡುವುದು ನಿನಗೆ ಸೇರಿದ್ದು ಎಂದರಂತೆ.

ಸಭೆ ನಡೆದ ಊರು

ಶನಿವಾರ ರೈಲಿನಲ್ಲಿ ಅವನು ಕಿಟಕಿಯ ಹತ್ತಿರ ಕೂತಿದ್ದ. ನಾನು ಎದುರಿಗೆ. ಮಧ್ಯದ ನಿಲ್ದಾಣದಲ್ಲಿ ಇಳಿದು ಹೋಗಿ ಎರಡು ಲೋಟ ಚಹಾ ತಂದು, ಒಂದನ್ನು ನನ್ನ ಕೈಗೆ ಕೊಟ್ಟ. ಮಾತಾಡಲಿಕ್ಕೆ ನಿಶ್ಚಯಿಸಿದ್ದಾನೋ ಇಲ್ಲವೋ ಕೇಳುವ ಧೈರ್ಯ ನನಗಾಗಲಿಲ್ಲ.

ಮರದ ಬೆಂಚುಗಳು ಮೆಟ್ಟಿಲು ಮೆಟ್ಟಿಲಾಗಿ ಏರಿದ ಹಳೆಯ ಕಾಲದ ಸಭಾಂಗಣ. ಅರವತ್ತು ಎಪ್ಪತ್ತು ಜನ ಡಾಕ್ಟರರು, ಹೆಚ್ಚಿನವರು ತಲೆ ನರೆತವರು. ಕುಶಾಲನ ಹೆಸರನ್ನು ಯಾರೂ ಸರಿಯಾಗಿ ಹೇಳಲಿಲ್ಲ. ಅವನು ಎದ್ದು ಹೋಗಿ ನಿಂತ. ಕೈಯಲ್ಲಿ ಭಾಷಣದ ಹಾಳೆಗಳಿರಲಿಲ್ಲ. ಹಳದಿ ಕಾರ್ಡಿತ್ತು.

ನಿಧಾನವಾಗಿ ಮಾತಾಡಿದ್ದರಿಂದ ನನಗೂ ತಿಳಿಯಿತು. ರೋಗಿ ನನ್ನ ಅಕ್ಕ, ನನ್ನನ್ನು ಸಾಕಿದವಳು ಎಂದ. ಕೊನೆಯವರೆಗೂ ನೋವಿರಲಿಲ್ಲ ಎಂದು ನಂಬಿದ್ದೆ, ಬುಧವಾರದವರೆಗೆ ಹಾಗೆಯೇ ಬರೆದಿದ್ದೆ ಎಂದ. ನೆಮ್ಮದಿ ಇದ್ದದ್ದು ನಾಲ್ಕು ದಿನ, ಉಳಿದ ಏಳು ವಾರ ಅವಳು ನನಗೆ ಸುಳ್ಳು ಹೇಳಿದಳು, ಅವಳ ಗಂಡನನ್ನು ನಾನು ಕೇಳಲಿಲ್ಲ ಎಂದ. ನನ್ನ ತಪ್ಪನ್ನು ಅವನು ಎತ್ತಲೇ ಇಲ್ಲ. ತಾನು ಕೇಳಲಿಲ್ಲ ಎಂದಷ್ಟೇ ಹೇಳಿ ಇಳಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಬಹಳ ವಯಸ್ಸಾದ ಡಾಕ್ಟರೊಬ್ಬರು ಕೂತಲ್ಲಿಂದಲೇ, ನಾಲ್ಕು ದಿನ ಎಂದು ನಿಮಗೆ ಹೇಳಿದವರು ಯಾರು ಎಂದು ಕೇಳಿದರು.

"ಅವಳ ಗಂಡ. ಅಲ್ಲಿ ಕೂತಿದ್ದಾರೆ."

ಎಲ್ಲರೂ ತಿರುಗಿದರು. ನಾನು ಎದ್ದು ನಿಂತೆ. ನನ್ನನ್ನು ಬಯ್ಯಬಹುದು, ಅದು ನ್ಯಾಯವೇ ಎಂದುಕೊಂಡೆ. ಆ ವೃದ್ಧರು ನನ್ನ ಕಡೆ ನೋಡಿ ಏನೋ ಕೇಳಿದರು. ಕುಶಾಲ ಅದನ್ನು ನಮ್ಮ ಮಾತಿನಲ್ಲಿ ಹೇಳಿದ.

"ಬಾವ, ಆ ನಾಲ್ಕು ದಿನ ಅಕ್ಕ ಏನು ಮಾಡಿದಳು ಅಂತ ಕೇಳ್ತಿದ್ದಾರೆ."

ಎರಡು ವರ್ಷ ನಾನು ಏಳು ವಾರಗಳನ್ನೇ ಎಣಿಸುತ್ತಿದ್ದೆ. ಆ ನಾಲ್ಕು ದಿನಗಳನ್ನು ನೆನಪು ಮಾಡಿಕೊಂಡೇ ಇರಲಿಲ್ಲ. ನಿಂತಲ್ಲೇ ಅವು ಒಂದೊಂದಾಗಿ ಬಂದವು. ಮೊದಲ ದಿನ ಮಲಗಿದಳು ಎಂದೆ, ಇಡೀ ದಿನ. ಎರಡನೆಯ ದಿನ ತಲೆಗೆ ಎಣ್ಣೆ ಹಚ್ಚಿಸಿಕೊಂಡು ಸ್ನಾನ ಮಾಡಿ, ಅಂಗಳದ ಬಿಸಿಲಲ್ಲಿ ಕೂತು ಕೂದಲು ಒಣಗಿಸಿಕೊಂಡಳು. ಮೂರನೆಯ ದಿನ ಏಲಕ್ಕಿ ಒಣಗಿಸುವ ಗೂಡಿನವರೆಗೆ ನಡೆದು ಹೋಗಿ, ಬೆಂಕಿ ಹೆಚ್ಚಾಯಿತೆಂದು ಆಳುಗಳನ್ನೂ ನನ್ನನ್ನೂ ಬೈದಳು. ಕುಶಾಲ ಒಂದೊಂದನ್ನೂ ಇಂಗ್ಲಿಷಿಗೆ ತಿರುಗಿಸಿದ. ಬೈದಳು ಎಂದಾಗ ಕೆಲವರು ನಕ್ಕರು. ವೃದ್ಧರು ಬರೆದುಕೊಳ್ಳುತ್ತಿದ್ದರು.

"ನಾಲ್ಕನೆಯ ದಿನ?" ಎಂದು ಕುಶಾಲನೇ ಕೇಳಿದ.

"ನಾಲ್ಕನೆಯ ದಿನ ನಾನು ಬೆಳಗ್ಗೆ ಎದ್ದಾಗ ಅವಳಿನ್ನೂ ನಿದ್ದೆಯಲ್ಲಿದ್ದಳು. ಒಂದು ವರ್ಷದಿಂದ ಹಾಗೆ ಆಗಿರಲಿಲ್ಲ. ಏನು ಮಾಡಬೇಕು ಅಂತ ತಿಳಿಯದೆ ಪಕ್ಕದಲ್ಲಿ ಕೂತು ನೋಡ್ತಿದ್ದೆ. ಬಿಸಿಲು ಮುಖಕ್ಕೆ ಬಂತು. ಎದ್ದು ನಿನ್ನ ಹೆಸರು ಹೇಳಿದಳು. ಕುಶಾಲ ಎಲ್ಲಿ, ನಾನು ಬೆಳಗಿನವರೆಗೆ ನಿದ್ದೆ ಮಾಡಿದೆ ಅಂತ ಅವನಿಗೆ ಹೇಳಬೇಕು ಅಂದಳು."

ಕುಶಾಲ ಇಂಗ್ಲಿಷಿನಲ್ಲಿ ಹೇಳಲು ಹೊರಟು ಅರ್ಧಕ್ಕೆ ನಿಂತ. ಸಭೆಗೆ ಬಂದಿದ್ದ ಬಾರ್ಲೋ ಅವನನ್ನು ಅವಸರಪಡಿಸಲಿಲ್ಲ. ಆ ವೃದ್ಧ ಡಾಕ್ಟರು ಪೆನ್ನಿನ ತುದಿಯನ್ನು ಹಾಳೆಯ ಮೇಲೆ ಊರಿಕೊಂಡು, ಅವನು ಮುಂದಿನ ಮಾತು ಹೇಳುವವರೆಗೆ ಕಾಯುತ್ತ ಕೂತರು.